ಬಾಗಿಲು ಹಾಕಿದವನು

ರಾತ್ರಿ ಎಲ್ಲರಿಗಿಂತ ಕೊನೆಗೆ ಮಲಗುವವರು ಬೀದಿಯ ಬಾಗಿಲು ಹಾಕಬೇಕೆಂಬುದು ನಮ್ಮ ಸಂಸಾರಗಳಲ್ಲಿ ಯಾರೂ ಬರೆದಿಡದ ಕಾನೂನು. ಬೆಳಿಗ್ಗೆ ಎದ್ದು ನೋಡಿದಾಗ ಹಿತ್ತಾಳೆಯ ಕೊಳದಪ್ಪಲೆ ಕಾಣೆಯಾಗಿದ್ದರೆ, ಮನೆಯಲ್ಲಿ ಏಳುವ ಮೊದಲನೆಯ ಪ್ರಶ್ನೆ ಕಳ್ಳ ಯಾರು ಎಂಬುದಲ್ಲ, "ನಿನ್ನೆ ರಾತ್ರಿ ಬಾಗಿಲು ಹಾಕಿದವರು ಯಾರು?" ಎಂಬುದು. ಅಗುಳಿ ಸವೆದಿತ್ತೆ, ದಾರಂದಕ್ಕೆ ಗೆದ್ದಲು ಹಿಡಿದಿತ್ತೆ, ಬಾಗಿಲು ಮಾಡಿದ ಆಚಾರಿ ನಾಲ್ಕು ಮೊಳೆ ಹೊಡೆಯಬೇಕಾದ ಕಡೆ ಎರಡರಲ್ಲಿ ಮುಗಿಸಿದ್ದನೆ ಎಂಬ ವಿಚಾರ ಬರುವುದೇ ಇಲ್ಲ. ಬಂದರೂ ಮಧ್ಯಾಹ್ನದ ಊಟ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಬಾಗಿಲು ಹಾಕಿದ ಹುಡುಗನೋ ಸೊಸೆಯೋ ಅಪರಾಧಿಯ ಸ್ಥಾನದಲ್ಲಿ ನಿಂತು, ತೀರ್ಪೂ ಆಗಿಹೋಗಿರುತ್ತದೆ.

ಈ ಗೃಹನ್ಯಾಯ ಹೊಸ್ತಿಲಿನಾಚೆ ಎಷ್ಟು ದೂರ ಹೋಗಬಲ್ಲದೆಂಬುದು ನನಗೆ ತಿಳಿದದ್ದು ಒಂದು ವಿಮಾನದ ಬಾಗಿಲಿನ ಕಥೆಯನ್ನು ಓದಿದಾಗ. ವಿಮಾನ ನನ್ನ ಕಸುಬಿಗೆ ದೂರದ ವಸ್ತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪುಷ್ಪಕವಿಮಾನದಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತು ಎನ್ನುತ್ತಾರೆ. ಅದರ ಸಾಮಾನಿನ ಕೋಣೆಯ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ನಾನು ಓದಿದ ಕಥೆಯಲ್ಲಿ ಒಂದು ಬರಹವಿದೆ, ಅದನ್ನು ಓದಲಾರದ ಒಬ್ಬ ಮನುಷ್ಯನಿದ್ದಾನೆ; ಇನ್ನೊಂದು ಬರಹವಿದೆ, ಅದನ್ನು ಓದಿಯೂ ಸುಮ್ಮನಿದ್ದ ಹಲವರಿದ್ದಾರೆ. ಆದ್ದರಿಂದ ಇದು ಭಾಷೆಯ ಮೇಷ್ಟರಿಗೂ ಸಂಬಂಧಪಟ್ಟದ್ದೆಂದು ಧೈರ್ಯಮಾಡಿದ್ದೇನೆ.

1974ನೆಯ ಇಸವಿ ಮಾರ್ಚ್ 3, ಭಾನುವಾರ. ಟರ್ಕಿಷ್ ಏರ್‌ಲೈನ್ಸ್ ಸಂಸ್ಥೆಯ ಡಿಸಿ-10 ವಿಮಾನವೊಂದು ಇಸ್ತಾಂಬುಲಿನಿಂದ ಬಂದು ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಲ್ಲಿ ಇಳಿಯಿತು. ಅಲ್ಲಿಂದ ಲಂಡನ್ನಿಗೆ ಹೋಗಬೇಕು. ಆಗ ಬ್ರಿಟಿಷ್ ವಿಮಾನ ನೌಕರರ ಮುಷ್ಕರದಿಂದ ಲಂಡನ್ನಿನ ಇತರ ವಿಮಾನಗಳು ನಿಂತುಹೋಗಿ, ಓರ್ಲಿಯಲ್ಲಿ ಕಾದು ಕುಳಿತಿದ್ದ ಜನರೆಲ್ಲ ಸಿಕ್ಕಿದ ಈ ವಿಮಾನವನ್ನು ಹತ್ತಿದರು. ಪ್ಯಾರಿಸ್ಸಿಗೆ ಬಂದು ರಗ್ಬಿ ಪಂದ್ಯ ನೋಡಿಕೊಂಡು ಊರಿಗೆ ಮರಳುತ್ತಿದ್ದ ಇಂಗ್ಲೆಂಡಿನ ಆಟಗಾರರಿದ್ದರು. ಬ್ಯಾಂಕಿನ ತರಬೇತಿಗೆಂದು ಹೊರಟ ಜಪಾನಿನ ಯುವಕರಿದ್ದರು. ಸಿಬ್ಬಂದಿಯೂ ಸೇರಿ ಒಟ್ಟು 346 ಮಂದಿ. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ವಿಮಾನ ಎದ್ದಿತು. ಹತ್ತು ನಿಮಿಷ ಕಳೆಯುವುದರೊಳಗೆ, ಸುಮಾರು 12,000 ಅಡಿ ಎತ್ತರದಲ್ಲಿ, ಹಿಂಭಾಗದ ಸಾಮಾನು ಕೋಣೆಯ ಬಾಗಿಲು ಕಿತ್ತುಕೊಂಡು ಹೋಯಿತು. ಅದರ ಮೇಲಣ ನೆಲ ಕುಸಿದು, ಎರಡು ಸಾಲು ಆಸನಗಳು ಆರು ಜನರೊಡನೆ ಹೊರಕ್ಕೆ ಸೆಳೆದುಹೋದವು. ಬಾಲದ ಕಡೆಗೆ ಹೋಗುವ ಹತೋಟಿಯ ತಂತಿಗಳು ಆ ನೆಲದ ಅಡಿಯಲ್ಲಿಯೇ ಇದ್ದವು. ಮತ್ತೆ ಒಂದು ನಿಮಿಷ ಚಿಲ್ಲರೆ ಅಷ್ಟೆ. ವಿಮಾನ ಎರ್ಮನೊನ್‌ವಿಲ್ ಎಂಬಲ್ಲಿನ ಕಾಡಿಗೆ ಬಿತ್ತು, ಒಬ್ಬರೂ ಉಳಿಯಲಿಲ್ಲ. ಆ ಎರ್ಮನೊನ್‌ವಿಲ್, ರೂಸೋ 1778ರಲ್ಲಿ ಕೊನೆಯುಸಿರೆಳೆದ ಊರು. ಮನುಷ್ಯರ ನಡುವಣ ಒಡಂಬಡಿಕೆಯ ಬಗ್ಗೆ ಅಷ್ಟು ಬರೆದವನ ಊರು ಅದು. ಮುಂದೆ ಬೇರೊಂದು ಒಡಂಬಡಿಕೆಯ ಮಾತು ಬರುತ್ತದೆ, ಆಗ ಇದು ನೆನಪಿರಲಿ.

ಒಂದು ಬಾಗಿಲು ಹೋದರೆ ವಿಮಾನವೇ ಏಕೆ ಹೋಗಬೇಕು ಎಂದು ಓದುಗರು ಕೇಳಬಹುದು. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ. ಒಳಗಿನವರು ಉಸಿರಾಡಬೇಕಾದ್ದರಿಂದ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಪೂರ್ತಿ ಎತ್ತರಕ್ಕೆ ಹೋದಾಗ ಒಳಗಿನ ಗಾಳಿ ಗೋಡೆಯ ಪ್ರತಿಯೊಂದು ಚದರ ಅಂಗುಲವನ್ನೂ ಸುಮಾರು 8 ಪೌಂಡು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. 8 ಪೌಂಡೆಂದರೆ ಏನು ಮಹಾ ಎನ್ನಿಸೀತು. ನಮ್ಮ ಮನೆಯ 3 ಅಡಿ ಅಗಲ, 6 ಅಡಿ ಎತ್ತರದ ಬಾಗಿಲನ್ನು ಅಲ್ಲಿ ಕೂರಿಸಿದೆವೆನ್ನಿ. ಅದರ ಮೇಲೆ ಬೀಳುವ ಒತ್ತಡ 9 ಟನ್ನಿಗೂ ಹೆಚ್ಚು. ದಸರೆಯ ಅಂಬಾರಿ ಹೊರುವಂಥ ಎರಡು ಆನೆಗಳು ಹೆಚ್ಚುಕಡಿಮೆ ತಮ್ಮ ಇಡೀ ಭಾರವನ್ನು ಒಳಗಿನಿಂದ ಆ ಬಾಗಿಲಿಗೆ ಒರಗಿಸಿದಂತೆ.

ಜನ ಹತ್ತುವ ಬಾಗಿಲಿಗೆ ಇದರ ಭಯವಿಲ್ಲ. ಅದನ್ನು ಬಿರಡೆಯ ಹಾಗೆ ಮಾಡಿರುತ್ತಾರೆ. ಬಚ್ಚಲ ತೊಟ್ಟಿಯ ತೂತಿಗೆ ಇಟ್ಟ ಬಿರಡೆ, ಮೇಲೆ ನೀರು ಏರಿದಷ್ಟೂ ಬಿಗಿಯಾಗುವಂತೆ, ಒಳಗಿನ ಗಾಳಿಯೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ. ಡಿಸಿ-10ರ ಸಾಮಾನಿನ ಬಾಗಿಲು ಹಾಗಲ್ಲ. ಒಳಕ್ಕೆ ತೆರೆಯುವ ಬಾಗಿಲು ಸಾಮಾನಿನ ಜಾಗವನ್ನು ತಿನ್ನುತ್ತದೆ. ಆದ್ದರಿಂದ ಅದನ್ನು ಹೊರಕ್ಕೆ ತೆರೆಯುವಂತೆ ಮಾಡಿದರು. ಇಲ್ಲಿ ಗಾಳಿ ನೆಂಟನಲ್ಲ, ಶತ್ರು. ಬಾಗಿಲನ್ನು ಹಿಡಿದಿರಬೇಕಾದವು ಕೊಕ್ಕೆಯಂಥ ಚಿಲಕಗಳು ಮಾತ್ರ. ವಿದ್ಯುತ್ತಿನ ಮೋಟರು ಆ ಕೊಕ್ಕೆಗಳನ್ನು ತಿರುಗಿಸಿ ಚೌಕಟ್ಟಿನ ಗೂಟಗಳಿಗೆ ಸಿಕ್ಕಿಸುತ್ತದೆ. ಆಮೇಲೆ ಕೆಲಸಗಾರ ಹೊರಗಿನ ಹಿಡಿಕೆಯನ್ನು ಮಡಚಿದರೆ, ಕೊಕ್ಕೆಗಳು ಹಿಂದಕ್ಕೆ ಸರಿಯದಂತೆ ಒಳಗೆ ಕೀಲುಗಳು ಅಡ್ಡ ಬರಬೇಕು. ಅದೇ ಹಿಡಿಕೆಯಿಂದ ಬಾಗಿಲಿನ ಒಂದು ಪುಟ್ಟ ಗಾಳಿಕಿಂಡಿಯೂ ಮುಚ್ಚಿಕೊಳ್ಳಬೇಕು. ಕಿಂಡಿ ಮುಚ್ಚಿತೆಂದರೆ ಎಲ್ಲವೂ ಭದ್ರ ಎಂದು ಏರ್ಪಾಡು.

ಹಳೆಯ ಮನೆಯ ಅಗುಳಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಅಗುಳಿ ಬಿತ್ತೋ ಇಲ್ಲವೋ ಎಂಬುದು ಹಾಕಿದವನ ಕಣ್ಣಿಗೇ ಕಾಣುತ್ತದೆ, ಕಿವಿಗೂ ಕೇಳುತ್ತದೆ. ವಿಮಾನದ ಕೊಕ್ಕೆ ಬಾಗಿಲಿನ ಹೊಟ್ಟೆಯೊಳಗಿದೆ. ಹಾಕಿದವನಿಗೆ ಸಿಕ್ಕುವುದು ಹಿಡಿಕೆಯ ಸಾಕ್ಷ್ಯ ಮಾತ್ರ. ಡಿಸಿ-10ರಲ್ಲಿ ಆ ಸಾಕ್ಷಿ ಸುಳ್ಳು ಹೇಳಬಲ್ಲದಾಗಿತ್ತು. ಕೊಕ್ಕೆಗಳು ಪೂರ್ತಿ ಸಿಕ್ಕದೆ ಇದ್ದರೂ, ನಡುವಣ ಸರಳುಗಳು ಬಲವಿಲ್ಲದೆ ಬಾಗಿಕೊಟ್ಟು, ಹಿಡಿಕೆ ಮಡಚಿಕೊಳ್ಳುತ್ತಿತ್ತು, ಕಿಂಡಿ ಮುಚ್ಚುತ್ತಿತ್ತು.

ಇದು 1974ರಲ್ಲಿ ತಿಳಿದ ಸಂಗತಿಯಲ್ಲ. 1970ರಲ್ಲಿ, ಮೊದಲ ವಿಮಾನದ ಪರೀಕ್ಷೆಯನ್ನು ನೆಲದ ಮೇಲೆ ನಡೆಸಿದಾಗಲೇ ಸಾಮಾನಿನ ಬಾಗಿಲು ಹಾರಿ ನೆಲ ಕುಸಿದಿತ್ತು. 1972ರ ಜೂನ್ 12ರಂದು ಡೆಟ್ರಾಯಿಟ್ಟಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ ವಿಮಾನದ ಬಾಗಿಲು ಕೆನಡದ ವಿಂಡ್ಸರ್ ಊರಿನ ಮೇಲೆ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಹಾಗೆಯೇ ಹಾರಿಹೋಯಿತು. ಅದರಲ್ಲಿ ಇದ್ದವರು 67 ಜನ. ನೆಲ ಸ್ವಲ್ಪಮಟ್ಟಿಗೆ ಕುಸಿಯಿತು. ಎಲ್ಲ ತಂತಿಗಳೂ ಕಡಿಯಲಿಲ್ಲ. ಕ್ಯಾಪ್ಟನ್ ಬ್ರೈಸ್ ಮೆಕಾರ್ಮಿಕ್ ಎಂಬಾತ, ಹತೋಟಿ ಹೋದರೆ ಎಂಜಿನ್ನುಗಳ ಬಲದಿಂದಲೇ ವಿಮಾನವನ್ನು ತಿರುಗಿಸುವುದು ಹೇಗೆಂದು ಅಭ್ಯಾಸದ ಯಂತ್ರದಲ್ಲಿ ಮೊದಲೇ ಪ್ರಯೋಗ ಮಾಡಿಟ್ಟುಕೊಂಡಿದ್ದವನು. ವಿಮಾನವನ್ನು ಡೆಟ್ರಾಯಿಟ್ಟಿಗೆ ಹಿಂದಕ್ಕೆ ತಂದು ಇಳಿಸಿದ. ಎಲ್ಲರೂ ಬದುಕಿದರು.

ಆ ವಿಮಾನದ ಬಾಗಿಲು ಹಾಕಿದ ಕೆಲಸಗಾರನ ನಡತೆಯನ್ನು ನೋಡಿ. ಹಿಡಿಕೆ ಮಡಚಲಿಲ್ಲ, ಮೊಣಕಾಲು ಕೊಟ್ಟು ಒತ್ತಿದ, ಮಡಚಿತು. ಆದರೆ ಕಿಂಡಿ ಸ್ವಲ್ಪ ಸೊಟ್ಟಗೆ ಕೂತದ್ದು ಅವನ ಕಣ್ಣಿಗೆ ಬಿತ್ತು. ಅದನ್ನು ಅಲ್ಲಿದ್ದ ಮೆಕ್ಯಾನಿಕ್ಕಿಗೆ ತೋರಿಸಿದ. ಆತ ನೋಡಿ ಹೋಗಲಿ ಎಂದ. ಕೂಲಿಯವನ ಹೊಣೆ ಎಲ್ಲಿಯವರೆಗೆ ಎಂದು ಕೇಳಿದರೆ, ಇಲ್ಲಿಯವರೆಗೆ ಎಂದು ನನ್ನ ಅಭಿಪ್ರಾಯ. ಅನುಮಾನ ಬಂದದ್ದನ್ನು ತನಗಿಂತ ಬಲ್ಲವನಿಗೆ ತೋರಿಸಬೇಕು, ಅವನು ತೋರಿಸಿದ. ಮೊಣಕಾಲು ಕೊಟ್ಟದ್ದು ಸರಿಯೆ ಎನ್ನುವವರು, ತಮ್ಮ ಮನೆಯಲ್ಲಿ ಮಳೆಗಾಲಕ್ಕೆ ಉಬ್ಬಿದ ಬಾಗಿಲನ್ನು ಹೇಗೆ ಹಾಕುತ್ತಾರೆಂಬುದನ್ನು ಒಮ್ಮೆ ನೆನೆಯಬೇಕು.

ಆ ಮೇಲಿನದು ಓದುಬರಹ ಬಲ್ಲವರ ಕಥೆ. ಅಮೆರಿಕದ ಅಪಘಾತ ತನಿಖೆಯ ಮಂಡಲಿ, ಕೊಕ್ಕೆ ಪೂರ್ತಿ ಬೀಳದೆ ಹಿಡಿಕೆ ಮಡಚುವುದೇ ಅಸಾಧ್ಯವಾಗುವಂತೆ ಬಾಗಿಲನ್ನು ತಿದ್ದಬೇಕು, ಗಾಳಿ ಹರಿದುಹೋಗಲು ನೆಲದಲ್ಲಿ ದಾರಿ ಬಿಡಬೇಕು ಎಂದು ಸಲಹೆ ಮಾಡಿತು. ಸಲಹೆ ಕೊಡುವುದಷ್ಟೆ ಅದರ ಅಧಿಕಾರ. ಆಜ್ಞೆ ಹೊರಡಿಸಬಲ್ಲ ಸರ್ಕಾರಿ ವಿಮಾನ ಇಲಾಖೆಯ ಮುಖ್ಯಸ್ಥರೂ, ವಿಮಾನ ತಯಾರಿಸುವ ಡಗ್ಲಸ್ ವಿಭಾಗದ ಅಧ್ಯಕ್ಷರೂ ದೂರವಾಣಿಯಲ್ಲಿ ಮಾತಾಡಿಕೊಂಡರು. ಕಾನೂನಿನ ಆಜ್ಞೆ ಬೇಡ, ಕಂಪೆನಿಯೇ ತಾನಾಗಿ ಸರಿಪಡಿಸುತ್ತದೆ ಎಂದು ಒಪ್ಪಂದವಾಯಿತು. ಇದಕ್ಕೆ ಸಜ್ಜನರ ಒಪ್ಪಂದ ಎಂದು ಹೆಸರು. ಇಬ್ಬರು ಸಜ್ಜನರು ಒಪ್ಪಿಕೊಂಡರು. ವಿಮಾನ ಹತ್ತುವ ಸಜ್ಜನರನ್ನು ಯಾರೂ ಕೇಳಲಿಲ್ಲ. ರೂಸೋನ ಒಡಂಬಡಿಕೆ ಹೀಗಿರಲಿಲ್ಲವೆಂದು ತೋರುತ್ತದೆ.

ಅದೇ ಜೂನ್ ತಿಂಗಳ 27ರಂದು, ಡಗ್ಲಸ್ಸಿಗೆ ಬಾಗಿಲು ಮತ್ತು ಒಡಲನ್ನು ಮಾಡಿಕೊಡುತ್ತಿದ್ದ ಕಾನ್ವೇರ್ ಸಂಸ್ಥೆಯ ಹಿರಿಯ ಇಂಜಿನಿಯರ್ ಡ್ಯಾನ್ ಆಪಲ್‌ಗೇಟ್ ತನ್ನ ಮೇಲಧಿಕಾರಿಗೆ ಒಂದು ಟಿಪ್ಪಣಿ ಬರೆದರು. ಈಗ ಮಾಡುತ್ತಿರುವ ದುರಸ್ತಿ ತೇಪೆ ಮಾತ್ರ. ನೆಲ ದುರ್ಬಲವಾಗಿಯೇ ಇದೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಬಾಗಿಲುಗಳು ತೆರೆದುಕೊಂಡೇ ತೆರೆದುಕೊಳ್ಳುತ್ತವೆ, ತೆರೆದಾಗ ಸಾಮಾನ್ಯವಾಗಿ ವಿಮಾನವೇ ನಾಶವಾಗುತ್ತದೆ ಎಂಬುದು ಅದರ ತಾತ್ಪರ್ಯ. ಮೇಲಿನವರು ಓದಿದರು. ಇದು ಸುಳ್ಳೆಂದು ಯಾರೂ ಹೇಳಲಿಲ್ಲ. ಆದರೆ ಡಗ್ಲಸ್ಸಿಗೆ ಈ ಮಾತು ಹೇಳಿದರೆ ತಿದ್ದುಪಡಿಯ ಖರ್ಚು ತಮ್ಮ ತಲೆಗೇ ಬಂದೀತು ಎಂದು ಯೋಚಿಸಿ ಕಾಗದವನ್ನು ಕಳಿಸದೆ ಇಟ್ಟುಕೊಂಡರು. ಅದು ಬೆಳಕಿಗೆ ಬಂದದ್ದು ಅಪಘಾತದ ನಂತರ. ಟಿಪ್ಪಣಿ ಹೇಳಿದ್ದು ಇಪ್ಪತ್ತು ವರ್ಷ; ನಡೆದದ್ದು ಇಪ್ಪತ್ತು ತಿಂಗಳಿಗೆ.

ಓರ್ಲಿಗೆ ಬಂದ ವಿಮಾನ ಈ ಎಲ್ಲ ಮಾತುಕತೆಯ ವೇಳೆ ಇನ್ನೂ ಕಾರ್ಖಾನೆಯ ಅಂಗಳದಲ್ಲೇ ಇತ್ತು. ಬಾಗಿಲಿನ ಸರಳುಗಳಿಗೆ ಆಧಾರವಾಗಿ ಒಂದು ತಗಡು ಹಾಕಬೇಕಾಗಿತ್ತು. ಹಾಕಲಿಲ್ಲ. ಆದರೆ ಹಾಕಿದ್ದೇವೆ, ನೋಡಿದ್ದೇವೆ ಎಂದು ಪರೀಕ್ಷಕರ ಮುದ್ರೆಗಳು ಮಾತ್ರ ದಾಖಲೆಯ ಮೇಲೆ ಬಿದ್ದವು. 1972ರ ಡಿಸೆಂಬರಿನಲ್ಲಿ ವಿಮಾನ ತುರ್ಕಿಯವರ ಕೈಸೇರಿತು. ಅದರ ಬಾಗಿಲಿನಲ್ಲಿ ಮಾಡಿದ್ದ ಸುಧಾರಣೆಯೆಂದರೆ ಒಂದು ಅಂಗುಲದ ಗಾಜಿನ ಇಣುಕುಕಿಂಡಿ. ಇಣುಕಿ ನೋಡಿದರೆ ಒಳಗಿನ ಕೀಲು ಕೂತಿದೆಯೇ ಇಲ್ಲವೇ ಕಾಣುತ್ತದೆ. ಪಕ್ಕದಲ್ಲಿ ಒಂದು ಸೂಚನೆಯ ಚೀಟಿ, ಇಂಗ್ಲಿಷಿನಲ್ಲೂ ತುರ್ಕಿ ಭಾಷೆಯಲ್ಲೂ.

ಓರ್ಲಿಯಲ್ಲಿ ಆ ದಿನ ಬಾಗಿಲು ಹಾಕಿದವನು ಅಲ್ಜೀರಿಯದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ದುಡಿಯುತ್ತಿದ್ದ ಒಬ್ಬ ಸಾಮಾನು ಸಾಗಿಸುವ ಕೆಲಸಗಾರ. ಅನಕ್ಷರಸ್ಥನಲ್ಲ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಓದಿ ಬರೆಯಬಲ್ಲವನು. ಇಂಗ್ಲಿಷು, ತುರ್ಕಿ ಮಾತ್ರ ಅವನಿಗೆ ಬಾರದು. ಹಿಡಿಕೆ ಮಡಚಿ ಕಿಂಡಿ ಮುಚ್ಚಿದರೆ ಬಾಗಿಲು ಭದ್ರವೆಂದು ಅವನಿಗೆ ಹೇಳಿಕೊಟ್ಟಿದ್ದರು. ಇಣುಕುಕಿಂಡಿ ಯಾತಕ್ಕೆಂದು ಹೇಳಿಕೊಟ್ಟಿರಲಿಲ್ಲ. ಹಿಡಿಕೆ ಮಡಚಿತು. ಡೆಟ್ರಾಯಿಟ್ಟಿನಲ್ಲಿ ಮೊಣಕಾಲಾದರೂ ಬೇಕಾಗಿತ್ತು. ಇಲ್ಲಿ ಅದೂ ಬೇಕಾಗಲಿಲ್ಲ. ಈ ವಿಮಾನದ ಕೀಲುಗಳನ್ನು ಯಾರೋ ತಪ್ಪಾಗಿ ಹೊಂದಿಸಿದ್ದರಿಂದ, ಕೊಕ್ಕೆ ಬೀಳದಿದ್ದರೂ ಹಿಡಿಕೆ ಸಲೀಸಾಗಿ ಬಂತು. ವಿಮಾನ ನಡೆಸುವವರ ಮುಂದಿನ ಎಚ್ಚರಿಕೆಯ ದೀಪವೂ ಆರಿತು. ಇಣುಕಿ ನೋಡುವುದು ತುರ್ಕಿ ಸಂಸ್ಥೆಯ ನೆಲದ ಇಂಜಿನಿಯರಿನ ಅಥವಾ ವಿಮಾನದೊಳಗಿನ ಇಂಜಿನಿಯರಿನ ಕೆಲಸವಾಗಿತ್ತು. ಮೊದಲನೆಯವರು ಆ ದಿನ ಕೆಲಸದ ಮೇಲಿರಲಿಲ್ಲ. ಎರಡನೆಯವರು ಇಳಿದು ಬಂದು ನೋಡಲಿಲ್ಲ.

ಅಪಘಾತವಾದೊಡನೆ ಪತ್ರಿಕೆಗಳಲ್ಲಿ ಎದ್ದ ಕೂಗು ನಮಗೆ ಚಿರಪರಿಚಿತವಾದದ್ದೇ: ಬಾಗಿಲು ಹಾಕಿದವನು ಯಾರು? ಅವನನ್ನು ಹಿಡಿಯಿರಿ. ತನಿಖೆಯವರು ಮಾತ್ರ ಆ ದಾರಿ ಹಿಡಿಯಲಿಲ್ಲ. ತರಬೇತಿಯಿಲ್ಲದ, ಅಲ್ಪ ಸಂಬಳದ, ಚೀಟಿಯನ್ನು ಓದಲಾರದ ಒಬ್ಬ ಕೆಲಸಗಾರನ ಮೇಲೆ ಇಡೀ ವಿಮಾನದ ಕ್ಷೇಮವನ್ನು ಹೊರಿಸುವುದು ವಿವೇಕವಲ್ಲವೆಂದರು. ಈ ಒಂದು ಮಾತಿಗಾಗಿ ಅವರಿಗೆ ನಮಸ್ಕರಿಸಬೇಕು.

ಚೀಟಿ ಅಂಟಿಸಿದರೆ ತಿಳಿಸಿದಂತಾಯಿತು ಎಂಬ ಭ್ರಮೆ ಓದಿದವರಿಗೆ ಸಹಜ. ನಮ್ಮಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ಇರುವೆಯ ಸಾಲಿನಂತೆ ಅಕ್ಷರಗಳಿರುತ್ತವೆ. ಹೊಲದಲ್ಲಿ ನಿಂತು ಅದನ್ನು ಓದಿದ ರೈತನನ್ನು ನಾನು ಕಾಣೆ. ಕಪ್ಪುಹಲಗೆಯ ಮೇಲೆ ಬರೆದದ್ದೆಲ್ಲ ಹುಡುಗರ ತಲೆಗೆ ಹೋಗಿದ್ದರೆ ನಮ್ಮ ಉದ್ಯೋಗ ಎಷ್ಟು ಸುಖವಾಗಿರುತ್ತಿತ್ತು! ಆ ಚೀಟಿ ಅರಬ್ಬಿಯಲ್ಲೋ ಫ್ರೆಂಚಿನಲ್ಲೋ ಇದ್ದಿದ್ದರೆ ಆ ಭಾನುವಾರ ಅವನು ಇಣುಕುತ್ತಿದ್ದನೇನೋ. ಆದರೆ ಚೀಟಿಯ ಮೇಲೆ 346 ಪ್ರಾಣಗಳನ್ನು ತೂಗಹಾಕಿದವರು ಯಾರು ಎಂಬ ಪ್ರಶ್ನೆ ಆಗಲೂ ಉಳಿಯುತ್ತಿತ್ತು. ಅಪಘಾತದ ನಂತರ ಅಮೆರಿಕದ ಇಲಾಖೆ ಎಚ್ಚೆತ್ತು ಆಜ್ಞೆ ಮಾಡಿತು: ಕೊಕ್ಕೆ ಬೀಳದೆ ಹಿಡಿಕೆ ಮಡಚಲೇಬಾರದು. ದೊಡ್ಡ ವಿಮಾನಗಳ ನೆಲವನ್ನೂ ಗಟ್ಟಿಮಾಡಿ, ಗಾಳಿಗೆ ದಾರಿ ಬಿಡಬೇಕೆಂದು ವಿಧಿಸಿತು. ಬಗ್ಗದ ಹಿಡಿಕೆ ಎಲ್ಲರಿಗೂ ತಿಳಿಯುವ ಭಾಷೆ. ಅದಕ್ಕೆ ಅನುವಾದ ಬೇಡ.

ನಾವು ದಿನಕ್ಕೆ ಹತ್ತು ಸಲ ಆಡುವ 'ಜವಾಬ್ದಾರಿ' ಎಂಬ ಮಾತು ಮೂಲದಲ್ಲಿ ಅರಬ್ಬಿಯದು. ಜವಾಬು ಎಂದರೆ ಉತ್ತರ; ಪಾರಸಿಯ ಬಾಲ ಹತ್ತಿಸಿಕೊಂಡು ಅದು ನಮ್ಮ ಕಡೆಗೆ ಬಂತು. ಕೇಳಿದಾಗ ಉತ್ತರ ಹೇಳಬೇಕಾದವನು ಜವಾಬ್ದಾರ. ಆದರೆ ಉತ್ತರ ಹೇಳಬೇಕಾದವನಿಗೆ ಪ್ರಶ್ನೆಯಾದರೂ ಗೊತ್ತಿರಬೇಡವೆ? ನಮ್ಮ ಅಚ್ಚಗನ್ನಡದ 'ಹೊಣೆ' ಇನ್ನೂ ಒಳ್ಳೆಯ ಮಾತು. ಅದಕ್ಕೆ ಜಾಮೀನು ಎಂಬ ಅರ್ಥ ಹಳೆಯದು. ಸಾಲಗಾರನ ಪರವಾಗಿ ಬಲವುಳ್ಳವನು ಹೊಣೆ ನಿಲ್ಲುತ್ತಾನೆ. ಸಾಹುಕಾರನ ಸಾಲಕ್ಕೆ ಆಳು ಹೊಣೆ ನಿಂತದ್ದನ್ನು ಯಾರೂ ಕಂಡಿಲ್ಲ. ವಿಮಾನದ ವ್ಯವಹಾರದಲ್ಲಿ ಹಾಗೆ ನಿಲ್ಲಿಸಲು ನೋಡಿದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಮಾನ ನಿಲ್ದಾಣದಲ್ಲಿ ಸಾಮಾನು ತುಂಬುವ ಕೆಲಸದಲ್ಲಿದ್ದಾನೆ. ಬಿ.ಎ. ಮುಗಿಸಲಿಲ್ಲ, ಮನೆಯಲ್ಲಿ ತೊಂದರೆಯಿತ್ತು. ಒಂದು ಮದುವೆ ಮನೆಯಲ್ಲಿ ಸಿಕ್ಕಿದ. ಈ ವಿಷಯವೆಲ್ಲ ತಲೆಯಲ್ಲಿದ್ದುದರಿಂದ, ಪಂಕ್ತಿ ಏಳುವುದನ್ನು ಕಾಯುತ್ತ ಅವನನ್ನು ಕೇಳಿದೆ:

"ಏನಪ್ಪಾ, ವಿಮಾನದ ಬಾಗಿಲು ನೀನೇ ಹಾಕ್ತೀಯೇನು?"

"ನಾವೇ ಹಾಕೋದು ಸಾರ್. ಆದ್ರೆ ಹಾಕಿದ ಮೇಲೆ ಇನ್ನೊಬ್ರು ಬಂದು ನೋಡ್ತಾರೆ. ಗುರುತಿರ್ತದೆ, ಹಸಿರು ಬಂದಿದೆಯಾ ಅಂತ ನೋಡ್ಬೇಕು. ಒಳಗೆ ಕ್ಯಾಪ್ಟನ್ ಹತ್ರಾನೂ ತಿಳೀತದೆ."

"ನಿಮ್ಮ ಗುಂಪಿನವರಿಗೆಲ್ಲ ಇಂಗ್ಲಿಷ್ ಬರುತ್ತೇನು?"

"ಎಲ್ಲಿ ಬರ್ತದೆ ಸಾರ್! ಬಿಹಾರದವ್ರಿದ್ದಾರೆ, ಒಡಿಶಾದವ್ರಿದ್ದಾರೆ, ನಮ್ಮ ಚಿಂತಾಮಣಿ ಕಡೆಯವ್ರಿದ್ದಾರೆ. ತರಬೇತೀಲಿ ಕೈಯಿಂದಾನೇ ತೋರಿಸಿಕೊಡ್ತಾರೆ. ಮೊದಲ ದಿನಾನೇ ಒಂದು ಮಾತು ಹೇಳಿದ್ರು, ಬಲ ಹಾಕಬೇಡಿ, ಬರಲಿಲ್ಲ ಅಂದ್ರೆ ಕೂಗಿ ಅಂತ."

"ನೀನು ಎಂದಾದರೂ ಕೂಗಿದ್ದೀಯಾ?"

ಅವನು ಸ್ವಲ್ಪ ನಾಚಿಕೊಂಡ. "ಒಂದ್ಸಲ ಸಾರ್. ಏನೂ ಇರಲಿಲ್ಲ, ಅಂಚಿಗೆ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡಿತ್ತು. ಇಪ್ಪತ್ತು ನಿಮಿಷ ತಡ ಆಯ್ತು. ಆವತ್ತೆಲ್ಲ ಒಂಥರಾ ಆಯ್ತು ಸಾರ್. ಸೂಪರ್‌ವೈಸರ್ ಮಾತ್ರ ಏನೂ ಅನ್ನಲಿಲ್ಲ. ಒಳ್ಳೇ ಮನುಷ್ಯ."

ಆ ಸೂಪರ್‌ವೈಸರನ್ನು ನಾನು ನೋಡಿಲ್ಲ. ಏನೂ ಅನ್ನದೆ ಇದ್ದದ್ದು ಅವರು ಮಾಡಿದ ದೊಡ್ಡ ಕೆಲಸವೆಂದು ನನಗೆ ತೋರುತ್ತದೆ. ಇಪ್ಪತ್ತು ನಿಮಿಷ ತಡವಾದಾಗ ವಿಮಾನದೊಳಗೆ ಕುಳಿತು ಗಡಿಯಾರ ನೋಡಿ ಗೊಣಗುವವರು ನಮ್ಮಂಥವರೇ. ಆ ಗೊಣಗಾಟ ಗಾಜಿನ ಕಿಟಕಿಯನ್ನು ದಾಟಿ, ಮೆಟ್ಟಿಲಿಳಿದು, ಕಚೇರಿಯ ತಖ್ತೆಗಳ ಮೂಲಕ ಹಾದು, ಕೊನೆಗೆ ಹಿಡಿಕೆ ಹಿಡಿದವನ ಕೈಗೆ ತಲಪುತ್ತದೆ.

ಇನ್ನೊಂದು ಬಾಗಿಲಿನ ಕಥೆಯನ್ನೂ ಹೇಳಬೇಕು. 1989ರ ಫೆಬ್ರವರಿ 24ರಂದು ಹೊನೊಲುಲುವಿನಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೊರಟ ಯುನೈಟೆಡ್ ಏರ್‌ಲೈನ್ಸಿನ ಬೋಯಿಂಗ್ 747 ವಿಮಾನದ ಮುಂಭಾಗದ ಸಾಮಾನಿನ ಬಾಗಿಲು ಶಾಂತ ಸಾಗರದ ಮೇಲೆ ಹಾರಿಹೋಯಿತು. ಪಕ್ಕದ ಗೋಡೆ ಹರಿದು ಒಂಬತ್ತು ಮಂದಿ ಪ್ರಯಾಣಿಕರು ಕತ್ತಲೆಗೆ ಸೆಳೆದುಹೋದರು. ಉಳಿದವರೊಡನೆ ವಿಮಾನ ಹೊನೊಲುಲುವಿಗೆ ಮರಳಿತು. ಬಾಗಿಲು ಸಮುದ್ರದ ಪಾಲಾಗಿತ್ತು. ಅದಿಲ್ಲದೆಯೇ 1990ರಲ್ಲಿ ತನಿಖೆಯ ಮಂಡಲಿ ವರದಿ ಬರೆಯಿತು: ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ವಿನ್ಯಾಸದ ಕೊರತೆಯನ್ನೂ, ವಿಮಾನ ಸಂಸ್ಥೆಯ ದುರಸ್ತಿ ಪರೀಕ್ಷೆಗಳ ಕೊರತೆಯನ್ನೂ ಜೊತೆಗೆ ಸೇರಿಸಿತು.

ಸತ್ತವರಲ್ಲಿ ಊರಿಗೆ ಮರಳುತ್ತಿದ್ದ ನ್ಯೂಜಿಲೆಂಡಿನ ಒಬ್ಬ ಯುವಕನಿದ್ದ. ಅವನ ತಂದೆತಾಯಿಗಳಿಗೆ ಈ ಉತ್ತರ ಸಾಕಾಗಲಿಲ್ಲ. ಅವರು ಅಮೆರಿಕಕ್ಕೆ ಹೋದರು, ಕಾಗದಪತ್ರಗಳನ್ನು ಕೂಡಿಹಾಕಿ ಒಂದೊಂದಾಗಿ ಓದಿದರು, ಬಾಗಿಲಿನ ಯಂತ್ರ ಹೇಗೆ ಕೆಲಸಮಾಡುತ್ತದೆಂಬುದನ್ನು ತಾವೇ ಕಲಿತರು. ಮುಚ್ಚಿದ ಮೇಲೆ ವಿದ್ಯುತ್ತಿನ ದೋಷದಿಂದ ಮೋಟರು ತಾನಾಗಿ ತಿರುಗಿ ಚಿಲಕವನ್ನು ತೆರೆಯಬಲ್ಲದು, ಅದನ್ನು ತಡೆಯಬೇಕಾದ ಅಡ್ಡಪಟ್ಟಿಗಳು ಬಲವಿಲ್ಲದವು ಎಂದು ವಾದಿಸಿದರು. ಕೊನೆಗೆ ಅಮೆರಿಕದ ನೌಕಾಪಡೆ 14,000 ಅಡಿಗೂ ಹೆಚ್ಚಿನ ಆಳದಿಂದ ಆ ಬಾಗಿಲನ್ನು ಎರಡು ತುಂಡುಗಳಲ್ಲಿ ಮೇಲಕ್ಕೆ ತಂದಿತು. ಅದನ್ನು ಪರೀಕ್ಷಿಸಿದ ಮಂಡಲಿ 1992ರಲ್ಲಿ ತನ್ನ ವರದಿಯನ್ನು ತಿದ್ದಿ ಬರೆಯಿತು: ಬಾಗಿಲನ್ನು ಮುಚ್ಚಿದ ಬಳಿಕ, ವಿಮಾನ ಏಳುವುದಕ್ಕೆ ಮುಂಚೆ, ಕೆಟ್ಟ ಸ್ವಿಚ್ಚಿನಿಂದಲೋ ತಂತಿಯಿಂದಲೋ ವಿದ್ಯುತ್ತು ಹರಿದು ಚಿಲಕಗಳು ತೆರೆಯುವ ದಿಕ್ಕಿಗೆ ತಿರುಗಿದ್ದವು.